ಲಕ್ಷ್ಮಣಫಲದ ಎಲೆ ಕುದಿಸುವ ಮೊದಲು

ನಾಲತವಾಡದಂಥ ಊರಿನಲ್ಲಿ ಯಾರಿಗಾದರೂ ದೊಡ್ಡ ಬ್ಯಾನಿ, ಅಂದರೆ ಕ್ಯಾನ್ಸರ್, ಬಂದಿದೆಯೆಂದರೆ ಸುದ್ದಿ ಸಂಜೆಯೊಳಗೆ ಓಣಿಯೆಲ್ಲ ತಿರುಗಿರುತ್ತದೆ. ಮಾತಾಡಿಸಲು ಬರುವವರು ಬರಿಗೈಯಲ್ಲಿ ಬರುವುದಿಲ್ಲ. ಒಬ್ಬರು ಬಾಳೆಹಣ್ಣು ತರುತ್ತಾರೆ, ಒಬ್ಬರು ವೀರೇಶ್ವರ ಶರಣರ ಗುಡಿಯ ಅಂಗಾರ ತರುತ್ತಾರೆ, ಮತ್ತೊಬ್ಬರು ಮೊಬೈಲಿಗೆ ಬಂದ ವಿಡಿಯೊ ತೋರಿಸುತ್ತಾರೆ. "ಅಕ್ಕಾರ, ಲಕ್ಷ್ಮಣಫಲದ ಎಲಿ ಕುದಿಸಿ ಕುಡಸ್ರಿ. ಕರೆಂಟ್ ಕೊಡಸೂದೇನ್ ಬ್ಯಾಡ, ತಾನ ಕರಗತೈತಿ."

ಕರೆಂಟ್ ಎಂದರೆ ನಮ್ಮ ಕಡೆಯ ಮಾತಿನಲ್ಲಿ ವಿಕಿರಣ ಚಿಕಿತ್ಸೆ. ಹೀಗೆ ಹೇಳುವವರ ಮನಸ್ಸಿನಲ್ಲಿ ಕಪಟವಿರುವುದಿಲ್ಲ. ಬಳಗದವರು ಉಳಿಯಲಿ ಎಂಬ ಆಸೆಯಿಂದಲೇ ಹೇಳುತ್ತಾರೆ. ಕೇಳುವವರೂ ದಡ್ಡರಲ್ಲ. ಕೀಮೋದ ಹೆಸರು ಕೇಳಿಯೇ ಜೀವ ಅರ್ಧ ಆಗಿರುತ್ತದೆ, ಕೂದಲು ಉದುರುತ್ತದೆ, ಹೊಲ ಒತ್ತೆ ಇಡಬೇಕಾಗುತ್ತದೆ ಎಂಬ ಹೆದರಿಕೆ ಬೇರೆ. ಅಂಥ ಹೊತ್ತಿನಲ್ಲಿ ಹತ್ತು ಎಲೆಯಿಂದ ಕೆಲಸ ಆಗುತ್ತದೆಂದರೆ ಯಾರಿಗೆ ಬೇಡ? ಅದಕ್ಕೇ ಈ ಗಿಡ ಎಲ್ಲಿಂದ ಬಂತು, ಅದರಲ್ಲಿ ಏನಿದೆ, ಯಾರು ಮುಟ್ಟಬಾರದು, ಈಗಾಗಲೇ ಕುಡಿಯುತ್ತಿದ್ದರೆ ಏನು ಮಾಡಬೇಕು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಸೀತೆ, ರಾಮ, ಲಕ್ಷ್ಮಣ

ಹೆಸರು ನೋಡಿದರೆ ರಾಮಾಯಣದ ಕಾಲದಿಂದ ನಮ್ಮಲ್ಲೇ ಇದ್ದ ಗಿಡ ಅನ್ನಿಸುತ್ತದೆ. ಹಾಗಲ್ಲ. ಸೀತಾಫಲ, ರಾಮಫಲ, ಲಕ್ಷ್ಮಣಫಲ ಮೂರೂ ಅಮೆರಿಕ ಖಂಡದ ಬಿಸಿನಾಡುಗಳಿಂದ ಬಂದವು. ಮೂರಕ್ಕೂ ಕುಲ ಒಂದೇ, ಅನೋನಾ. ಲಕ್ಷ್ಮಣಫಲದ ಶಾಸ್ತ್ರೀಯ ಹೆಸರು ಅನೋನಾ ಮ್ಯೂರಿಕೇಟಾ. ಬ್ರೆಜಿಲ್‌ನವರು ಅದನ್ನು ಗ್ರಾವಿಯೋಲಾ ಎನ್ನುತ್ತಾರೆ, ಸ್ಪ್ಯಾನಿಷ್ ಮಾತಾಡುವವರು ಗ್ವಾನಾಬನಾ ಎನ್ನುತ್ತಾರೆ. ನಮ್ಮಲ್ಲಿ ಮುಳ್ಳು ರಾಮಫಲ ಎಂಬ ಹೆಸರೂ ಇದೆ. ಡಬ್ಬಿಯ ಮೇಲೆ 'ಗ್ರಾವಿಯೋಲಾ' ಎಂದು ಬರೆದು ಮಾರುವ ಗುಳಿಗೆ, ಪುಡಿ, ಚಹಾ ಎಲ್ಲವೂ ಈ ಗಿಡದ್ದೇ.

ಹೊರಗಿನಿಂದ ಬಂದದ್ದೆಂದು ದೂರ ಇಡಬೇಕಿಲ್ಲ. ನಮ್ಮ ರೊಟ್ಟಿಯ ಮಗ್ಗುಲಲ್ಲಿ ಕೂಡುವ ಮೆಣಸಿನಕಾಯಿ, ಶೇಂಗಾ ಹಿಂಡಿಯ ಶೇಂಗಾ, ಗೋವಿನಜೋಳ, ಪೇರಲ ಎಲ್ಲವೂ ಅದೇ ಖಂಡದಿಂದ ಬಂದು ನಮ್ಮವಾದವು. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಕೂಡ ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯಿಂದಲೇ ಬಂದದ್ದು. 1820ರಲ್ಲಿ ಫ್ರಾನ್ಸಿನ ಇಬ್ಬರು ರಸಾಯನಶಾಸ್ತ್ರಜ್ಞರು ಆ ತೊಗಟೆಯಿಂದ ಕ್ವಿನೈನ್ ಬೇರ್ಪಡಿಸಿದ ಮೇಲೆ ಅದನ್ನು ತೂಗಿ ಅಳೆದು ಕೊಡುವುದು ಸಾಧ್ಯವಾಯಿತು. ಅಂದರೆ ದೂರದ ನಾಡಿನ ಮರದಲ್ಲಿ ಔಷಧ ಇರಲು ಸಾಧ್ಯ. ಲಕ್ಷ್ಮಣಫಲದ ಎಲೆಯಲ್ಲಿ ಅದು ಸಾಬೀತಾಗಿದೆಯೇ ಎಂಬುದಷ್ಟೇ ಪ್ರಶ್ನೆ.

ಹತ್ತು ಸಾವಿರ ಪಟ್ಟು ಎಂಬ ಮಾತು ಹುಟ್ಟಿದ ಜಾಗ

"ಕೀಮೋಗಿಂತ ಹತ್ತು ಸಾವಿರ ಪಟ್ಟು ಜೋರ್ ಐತಿ" ಎಂಬ ಸಾಲು ಎಲ್ಲ ವಿಡಿಯೊಗಳಲ್ಲೂ ಬರುತ್ತದೆ. ಅದು ಗಾಳಿಯಿಂದ ಹುಟ್ಟಿದ್ದಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು 1996ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಲಕ್ಷ್ಮಣಫಲದ ಬೀಜದಿಂದ ತೆಗೆದ ಒಂದು ರಾಸಾಯನಿಕವನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದ ದೊಡ್ಡಕರುಳಿನ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿದಾಗ, ಆಡ್ರಿಯಾಮೈಸಿನ್ ಎಂಬ ಕೀಮೋ ಔಷಧಕ್ಕಿಂತ ಹತ್ತು ಸಾವಿರ ಪಟ್ಟು ಕಡಿಮೆ ಪ್ರಮಾಣದಲ್ಲೇ ಅದು ಆ ಕೋಶಗಳನ್ನು ಕೊಂದಿತ್ತು.

ಆ ಪರೀಕ್ಷೆ ನಡೆದದ್ದು ಬೀಜದ ಮೇಲೆ, ನಾವು ಕುದಿಸುತ್ತಿರುವುದು ಎಲೆ. ಅಲ್ಲಿದ್ದದ್ದು ಬೇರ್ಪಡಿಸಿ ಶುದ್ಧ ಮಾಡಿದ ಒಂದೇ ವಸ್ತು, ನಮ್ಮ ಪಾತ್ರೆಯಲ್ಲಿರುವುದು ನೂರಾರು ವಸ್ತುಗಳ ಕಷಾಯ. ಅಲ್ಲಿ ಸತ್ತದ್ದು ತಟ್ಟೆಯೊಳಗಿನ ಕೋಶ, ಇಲ್ಲಿ ಮಲಗಿರುವುದು ಹೊಟ್ಟೆ, ಯಕೃತ್ತು, ಮೂತ್ರಪಿಂಡ, ನರ ಎಲ್ಲ ಇರುವ ಒಬ್ಬ ಮನುಷ್ಯ. ತಟ್ಟೆಯಲ್ಲಿ ಫಿನಾಯಿಲ್ ಹಾಕಿದರೂ ಕ್ಯಾನ್ಸರ್ ಕೋಶ ಸಾಯುತ್ತದೆ. ಬೇರೆ ಯಾವುದಕ್ಕೂ ಪೆಟ್ಟಾಗದಂತೆ ದೇಹದೊಳಗೆ ಅದನ್ನು ಕೊಲ್ಲುವುದೇ ಕಷ್ಟದ ಕೆಲಸ. ಲಕ್ಷ್ಮಣಫಲದ ಎಲೆ ತಿಂದೋ ಕುಡಿದೋ ಮನುಷ್ಯರಲ್ಲಿ ಕ್ಯಾನ್ಸರ್ ವಾಸಿಯಾಯಿತೆಂದು, ಆಯುಷ್ಯ ಹೆಚ್ಚಿತೆಂದು ತೋರಿಸಿದ ದೊಡ್ಡ ವೈದ್ಯಕೀಯ ಪ್ರಯೋಗ ಒಂದೂ ಇಲ್ಲ.

ಇಂಗ್ಲೆಂಡಿನಲ್ಲಿ ಈ ಗಿಡದ ಉತ್ಪನ್ನವೊಂದನ್ನು ಕ್ಯಾನ್ಸರ್ ಔಷಧವೆಂದು ಮಾರಿದವನಿಗೆ 2008ರಲ್ಲಿ ಅಲ್ಲಿನ ಕ್ಯಾನ್ಸರ್ ಕಾಯ್ದೆಯಡಿ ಶಿಕ್ಷೆಯಾಯಿತು. ನಮ್ಮಲ್ಲೂ ಕಾನೂನಿದೆ. ಅದರ ಮಾತು ಮುಂದೆ ಬರುತ್ತದೆ.

ಹೇನಿನ ಪುಡಿ

ನಮ್ಮ ಅಜ್ಜಿಯಂದಿರಿಗೆ ಈ ಕುಲದ ಗುಣ ವಿಜ್ಞಾನಿಗಳಿಗಿಂತ ಮೊದಲೇ ಗೊತ್ತಿತ್ತು. ಹುಡುಗಿಯರ ತಲೆಯಲ್ಲಿ ಹೇನಾದರೆ ಸೀತಾಫಲದ ಬೀಜ ಒಣಗಿಸಿ ಕುಟ್ಟಿ ಎಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ಹಚ್ಚುವಾಗ ಮತ್ತೆ ಮತ್ತೆ ಎಚ್ಚರಿಸುತ್ತಿದ್ದರು: "ಕಣ್ಣ ಮುಚ್ಕೋ ಯವ್ವಾ, ಕಣ್ಣಾಗ ಬಿದ್ರ ಕಣ್ಣ ಹೋಗತೈತಿ." ಅದು ಸುಮ್ಮನೆ ಹೆದರಿಸುವ ಮಾತಲ್ಲ. ಸೀತಾಫಲದ ಬೀಜದ ಪುಡಿ ಬಿದ್ದು ಕಣ್ಣಿನ ಕರಿಗುಡ್ಡೆಗೆ ಗಾಯವಾದ ಪ್ರಕರಣಗಳನ್ನು ಭಾರತದ ಕಣ್ಣಿನ ವೈದ್ಯರು ದಾಖಲಿಸಿದ್ದಾರೆ. ಬೀಜದ ಆ ಪುಡಿಯನ್ನು ಇವತ್ತು ಯಾರೂ ತಲೆಗೆ ಹಚ್ಚಬೇಡಿ. ಹೇನಿಗೆ ದವಾಖಾನೆಯಲ್ಲಿ ಒಳ್ಳೆಯ ಔಷಧ ಸಿಗುತ್ತದೆ.

ಹೇನನ್ನು ಕೊಲ್ಲುವ ವಸ್ತುಗಳ ಗುಂಪಿಗೆ ಅಸಿಟೋಜೆನಿನ್ ಎಂದು ಹೆಸರು. ಲಕ್ಷ್ಮಣಫಲದ ಎಲೆ, ಬೀಜ, ತೊಗಟೆ, ತಿರುಳು ಎಲ್ಲದರಲ್ಲೂ ಅದೇ ಗುಂಪಿನ ವಸ್ತುಗಳಿವೆ, ಮುಖ್ಯವಾದದ್ದು ಅನೋನಾಸಿನ್. ದೇಹದ ಪ್ರತಿ ಕೋಶದಲ್ಲೂ ಶಕ್ತಿ ಹುಟ್ಟಿಸುವ ಸಣ್ಣ ಒಲೆಗಳಿರುತ್ತವೆ. ಅನೋನಾಸಿನ್ ಆ ಒಲೆಗೆ ನೀರು ಹೊಯ್ಯುತ್ತದೆ. ಕ್ಯಾನ್ಸರ್ ಕೋಶಕ್ಕೆ ಶಕ್ತಿ ಹೆಚ್ಚು ಬೇಕು, ಆದ್ದರಿಂದ ತಟ್ಟೆಯಲ್ಲಿ ಅದು ಬೇಗ ಸಾಯುತ್ತದೆ. ಆದರೆ ನಮ್ಮ ದೇಹದಲ್ಲಿ ಹಗಲೂ ರಾತ್ರಿ ಒಲೆ ಆರದಂತೆ ಉರಿಯಬೇಕಾದ ಜಾಗ ಇನ್ನೊಂದಿದೆ. ಅದು ಮಿದುಳು.

ಕೆರಿಬಿಯನ್ ಸಮುದ್ರದಲ್ಲಿ ಗ್ವಾಡೆಲೂಪ್ ಎಂಬ ದ್ವೀಪವಿದೆ. ಅಲ್ಲಿಯ ಜನ ತಲೆಮಾರುಗಳಿಂದ ಲಕ್ಷ್ಮಣಫಲ ತಿನ್ನುತ್ತಾರೆ, ನಿದ್ದೆಗೆಂದು ಅದರ ಎಲೆಯ ಕಷಾಯ ಕುಡಿಯುತ್ತಾರೆ. ಕೈಕಾಲು ಬಿಗಿದು ನಡಿಗೆ ತಪ್ಪುವ, ಪಾರ್ಕಿನ್ಸನ್ ಕಾಯಿಲೆಯನ್ನು ಹೋಲುವ ಆದರೆ ಅದರ ಮಾತ್ರೆಗೆ ಜಗ್ಗದ ರೋಗ ಅಲ್ಲಿ ಹೆಚ್ಚಿರುವುದನ್ನು ನರರೋಗ ತಜ್ಞೆ ಡೊಮಿನಿಕ್ ಕಪಾರೊ-ಲೆಫೆವ್ರ್ ಗಮನಿಸಿದರು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅವರ ಅಧ್ಯಯನದ 87 ರೋಗಿಗಳಲ್ಲಿ ಸಾಮಾನ್ಯ ಪಾರ್ಕಿನ್ಸನ್ ಇದ್ದವರು 22 ಮಂದಿ ಮಾತ್ರ. ಆ ಬೇರೆ ಬಗೆಯ ರೋಗ ಬಂದವರಲ್ಲಿ ಈ ಹಣ್ಣು, ಕಷಾಯಗಳ ಬಳಕೆ ಹೆಚ್ಚಾಗಿತ್ತು. ಮುಂದೆ ಇಲಿಗಳಿಗೆ ರಕ್ತದ ಮೂಲಕ ಅನೋನಾಸಿನ್ ಕೊಟ್ಟಾಗ ಅವುಗಳ ಮಿದುಳಿನ ಕೋಶಗಳು ಸತ್ತವು. ಮನುಷ್ಯರಲ್ಲಿ ಕಾರಣ ಇದೊಂದೇ ಎಂದು ಇನ್ನೂ ಸಾಬೀತಾಗಿಲ್ಲ. ಆದರೂ ತಿಂಗಳುಗಟ್ಟಲೆ ದಿನಾ ಕುಡಿಯುವ ವಸ್ತುವಿನ ಬಗ್ಗೆ ಇಷ್ಟು ಸಂಶಯ ಇದ್ದರೆ ನಾನು ನನ್ನ ಮನೆಯವರಿಗೆ ಅದನ್ನು ಕೊಡಲಾರೆ.

ನಮ್ಮ ಅಂಗಳದ ಇನ್ನೊಂದು ಗಿಡವನ್ನೂ ನೋಡಿ. ನಿತ್ಯಪುಷ್ಪ ನಮ್ಮ ಕಟ್ಟೆಗಳ ಮೇಲೆಲ್ಲ ಇದೆ. ಅದರ ಎಲೆಯ ಕಷಾಯವನ್ನು ಹಲವು ದೇಶಗಳಲ್ಲಿ ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಪರೀಕ್ಷಿಸಿದಾಗ ಸಕ್ಕರೆಗೆ ಪ್ರಯೋಜನ ಕಾಣಲಿಲ್ಲ, ಬಿಳಿ ರಕ್ತಕಣಗಳು ಕುಸಿದದ್ದು ಕಂಡಿತು. ಅಲ್ಲಿಂದ ಹೊರಟ ದಾರಿ ವಿನ್‌ಬ್ಲಾಸ್ಟಿನ್, ವಿನ್‌ಕ್ರಿಸ್ಟಿನ್ ಎಂಬ ಔಷಧಗಳಿಗೆ ಮುಟ್ಟಿತು. ರಕ್ತದ ಕ್ಯಾನ್ಸರ್ ಬಂದ ಎಷ್ಟೋ ಮಕ್ಕಳು ಇವತ್ತು ಶಾಲೆಗೆ ಹೋಗುತ್ತಿರುವುದರಲ್ಲಿ ವಿನ್‌ಕ್ರಿಸ್ಟಿನ್‌ನ ಪಾಲಿದೆ. ಒಂದು ಗ್ರಾಂ ವಿನ್‌ಕ್ರಿಸ್ಟಿನ್‌ಗೆ ಸುಮಾರು ಅರ್ಧ ಟನ್ ಒಣ ಎಲೆ ಬೇಕು, ಒಬ್ಬ ರೋಗಿಗೆ ಒಮ್ಮೆಗೆ ಕೊಡುವುದು ಎರಡು ಮಿಲಿಗ್ರಾಂ ಮೀರುವುದಿಲ್ಲ. ಅದಕ್ಕಿಂತ ಹೆಚ್ಚಾದರೆ ನರಗಳೇ ಕೆಡುತ್ತವೆ. ಇಂಥ ವಸ್ತುವನ್ನು ಅಡುಗೆಮನೆಯ ಪಾತ್ರೆಯಲ್ಲಿ ಅಳೆಯುವುದು ಹೇಗೆ? ಗಿಡದಲ್ಲಿ ಔಷಧ ಇರಬಹುದು. ಎಲೆ ಕುದಿಸಿದ ಮಾತ್ರಕ್ಕೆ ಅದು ನಮ್ಮ ಕೈಗೆ ಸಿಗುವುದಿಲ್ಲ.

ರೋಗನಿರೋಧಕ ಶಕ್ತಿಯ ಮಾತು

ಕ್ಯಾನ್ಸರ್ ಇಲ್ಲದವರೂ ಈ ಎಲೆ, ಪುಡಿಗಳನ್ನು 'ಇಮ್ಯುನಿಟಿ'ಗೆಂದು ಕುಡಿಯುತ್ತಾರೆ. ಪೆರುವಿನ ಬೆಕ್ಕಿನುಗುರು ಬಳ್ಳಿಯ ತೊಗಟೆ ಎಂಬ ಮತ್ತೊಂದು ಗುಳಿಗೆಯೂ ಇದೇ ಹೆಸರಿನಲ್ಲಿ ಆನ್‌ಲೈನಿನಲ್ಲಿ ಸಿಗುತ್ತದೆ. ರೋಗನಿರೋಧಕ ಶಕ್ತಿ ಎಂಬುದು ಹಗೇವಿನಲ್ಲಿ ಜೋಳ ತುಂಬಿದಂತೆ ತುಂಬುವ ವಸ್ತುವಲ್ಲ. ಕೀಲುವಾತ, ಲೂಪಸ್‌ನಂಥ ಕಾಯಿಲೆಗಳಲ್ಲಿ ಅದೇ ಶಕ್ತಿ ತಪ್ಪು ದಾರಿ ಹಿಡಿದು ಸ್ವಂತ ದೇಹವನ್ನೇ ಕಡಿಯುತ್ತಿರುತ್ತದೆ. ಅಂಥವರಿಗೆ ಅದನ್ನು ಇನ್ನಷ್ಟು ಕೆರಳಿಸುವುದೆಂದರೆ ಉರಿಯುವ ಬಣವೆಗೆ ಗಾಳಿ ಹಾಕಿದಂತೆ. ಮೂತ್ರಪಿಂಡ ಕಸಿ ಮಾಡಿಸಿಕೊಂಡವರು ಅದನ್ನು ತಗ್ಗಿಸಲೆಂದೇ ಮಾತ್ರೆ ತಿನ್ನುತ್ತಿರುತ್ತಾರೆ.

'ಇಮ್ಯುನಿಟಿ'ಯ ಕಷಾಯವೂ ಪೆಟ್ಟು ಕೊಡಬಲ್ಲದೆಂಬುದನ್ನು ನಮ್ಮದೇ ಅಮೃತಬಳ್ಳಿಯಿಂದ ಕಲಿಯಬೇಕಾಯಿತು. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಅದರ ಕಷಾಯ ಕುದಿಯಿತು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಕುಡಿದ ಬಳಿಕ ಯಕೃತ್ತಿಗೆ ಪೆಟ್ಟಾದ ಆರು ರೋಗಿಗಳ ವಿವರ ಪ್ರಕಟಿಸಿದರು. 2022ರಲ್ಲಿ ದೇಶದ 13 ಕೇಂದ್ರಗಳ 43 ರೋಗಿಗಳ ವರದಿ ಬಂತು. ಅದನ್ನು ಹೋಲುವ ಬೇರೆ ಬಳ್ಳಿ ಬಳಕೆಯಾಗಿರಬಹುದೆಂದು ಆಯುಷ್ ಸಚಿವಾಲಯ ಆಕ್ಷೇಪಿಸಿತು. ಬಳ್ಳಿಯ ಗುರುತು ತಪ್ಪಿದ್ದರೂ ಕುಡಿದವರ ಯಕೃತ್ತಿಗೆ ಆದ ಪೆಟ್ಟು ಪೆಟ್ಟೇ. ಹಸಿ ಬಳ್ಳಿಯ ಗುರುತೇ ತಪ್ಪುವುದಾದರೆ ಡಬ್ಬಿಯೊಳಗಿನ ಪುಡಿಯ ಗುರುತು ಹಿಡಿಯುವವರು ಯಾರು?

ಯಾರು ಮುಟ್ಟಬಾರದು, ಕುಡಿಯುತ್ತಿದ್ದರೆ ಏನು ಮಾಡಬೇಕು

ಪಾರ್ಕಿನ್ಸನ್ ಅಥವಾ ಕೈನಡುಕ ಇರುವವರು, ಬಸುರಿಯರು, ಹಾಲುಣಿಸುವ ತಾಯಂದಿರು, ಯಕೃತ್ತು ಅಥವಾ ಮೂತ್ರಪಿಂಡದ ತೊಂದರೆ ಇರುವವರು ಎಲೆಯ ಕಷಾಯ, ಪುಡಿ, ಗುಳಿಗೆ ಯಾವುದನ್ನೂ ಮುಟ್ಟಬಾರದು. ಬಿ.ಪಿ., ಸಕ್ಕರೆಗೆ ಗುಳಿಗೆ ತಿನ್ನುವವರಿಗೆ ಬೇರೆಯೇ ಅಪಾಯವಿದೆ. ಈ ಎಲೆ ಪ್ರಾಣಿಗಳಲ್ಲಿ ರಕ್ತದೊತ್ತಡ, ಸಕ್ಕರೆ ಎರಡನ್ನೂ ಇಳಿಸಿದ್ದು ಕಂಡಿದೆ. ಗುಳಿಗೆಯೂ ಇಳಿಸಿ ಕಷಾಯವೂ ಇಳಿಸಿದರೆ ಹೊಲದಲ್ಲಿ ಕಸ ತೆಗೆಯುತ್ತಿರುವಾಗಲೇ ಕಣ್ಣಿಗೆ ಕತ್ತಲೆ ಕಟ್ಟಿ ಬೀಳಬಹುದು. ಕೀಮೋ ನಡೆಯುತ್ತಿರುವವರು ಅದರೊಂದಿಗೆ ಇದನ್ನೂ ಕುಡಿದರೆ ಯಕೃತ್ತು ಎರಡು ಹೊರೆ ಹೊರಬೇಕು. ಲಿವರ್ ಪರೀಕ್ಷೆಯ ಅಂಕೆ ಏರಿದರೆ ವೈದ್ಯರು ಕೀಮೋವನ್ನೇ ಮುಂದೂಡಬೇಕಾಗಬಹುದು.

ಈಗಾಗಲೇ ಕುಡಿಯುತ್ತಿದ್ದರೆ ಗಾಬರಿ ಬೇಡ. ಇವತ್ತೇ ನಿಲ್ಲಿಸಿ. ಮುಂದಿನ ಸಲ ದವಾಖಾನೆಗೆ ಹೋಗುವಾಗ ಎಲೆಯನ್ನೋ ಡಬ್ಬಿಯನ್ನೋ ಚೀಲದಲ್ಲಿ ಒಯ್ದು ಮೇಜಿನ ಮೇಲಿಡಿ. ಎಷ್ಟು ದಿನ ಕುಡಿದಿರಿ, ದಿನಕ್ಕೆ ಎಷ್ಟು ಲೋಟ ಎಂದು ಹೇಳಿ. ಡಾಕ್ಟರ್ ಬೈದಾರೆಂದು ನಮ್ಮವರು ಮುಚ್ಚಿಡುತ್ತಾರೆ. ಬೈದರೆ ಬೈಯಲಿ, ಬಚ್ಚಿಟ್ಟರೆ ಅವರು ಕುರುಡಾಗಿ ಔಷಧ ಬರೆಯಬೇಕಾಗುತ್ತದೆ. ಕಣ್ಣು ಹಳದಿಯಾದರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ, ಮೈಯೆಲ್ಲ ಕಡಿತವಾದರೆ, ಊಟ ಸೇರದೆ ವಾಂತಿಯಾದರೆ ಮುಂದಿನ ತಾರೀಖಿಗೆ ಕಾಯಬೇಡಿ, ಅದೇ ದಿನ ಹೋಗಿ. ಯಾವುದೇ ಔಷಧದಿಂದ ಇಂಥ ತೊಂದರೆಯಾದರೆ ಕೇಂದ್ರ ಸರ್ಕಾರದ 1800-180-3024 ಸಂಖ್ಯೆಗೆ ರೋಗಿಯ ಮನೆಯವರೇ ತಿಳಿಸಬಹುದು.

ಡಬ್ಬಿ ಕೊಳ್ಳುವ ಮಾತು ಬಂದರೆ ಲೇಬಲ್ ಓದಿ. ಎಫ್‌ಎಸ್‌ಎಸ್‌ಎಐ ಎಂಬ ಅಕ್ಷರಗಳ ಜೊತೆ 14 ಅಂಕಿಯ ಸಂಖ್ಯೆ ಇದ್ದರೆ ಅದು ಆಹಾರದ ಪರವಾನಗಿ, ಔಷಧದ್ದಲ್ಲ. ಅಂಥ ಪೂರಕ ಆಹಾರದ ಮೇಲೆ 'ಔಷಧೀಯ ಬಳಕೆಗೆ ಅಲ್ಲ' ಎಂದು ಇಂಗ್ಲಿಷಿನಲ್ಲಿ ಬರೆದಿರಲೇಬೇಕು. ಬಾಯಲ್ಲಿ ಕ್ಯಾನ್ಸರ್ ಔಷಧ ಎಂದು ಮಾರುವವರ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಅದೇ ಇರುತ್ತದೆ, ಹುಡುಕಿ ನೋಡಿ. ಕ್ಯಾನ್ಸರ್, ಸಕ್ಕರೆ ಕಾಯಿಲೆ ಮೊದಲಾದ ರೋಗಗಳನ್ನು ವಾಸಿಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ತಡೆಯುತ್ತದೆ. ಮೊದಲ ತಪ್ಪಿಗೇ ಆರು ತಿಂಗಳವರೆಗೆ ಜೈಲಾಗಬಹುದು. ಮೋಸಹೋದವರು ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ರಸೀದಿ ಇಸಿದುಕೊಂಡಿರಿ, ಹಣ ಕಳಿಸಿದ್ದರೆ ಅದರ ಮೆಸೇಜನ್ನು ಅಳಿಸಬೇಡಿ.

ಎಲೆಗಿಂತ ದುಬಾರಿ ಕಾಲ

ಎಲೆಯ ವಿಷಕ್ಕಿಂತ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಎಲೆ ಕುಡಿಯುತ್ತ ಕಳೆದುಹೋಗುವ ತಿಂಗಳುಗಳು. ಬಾಯಿಯ ಹುಣ್ಣು, ಮೊಲೆಯ ಗಂಟು, ಗರ್ಭಕೋಶದ ಕೊರಳಿನ ಕ್ಯಾನ್ಸರ್ ಮೂರನ್ನೂ ಮೊದಲ ಹಂತದಲ್ಲೇ ಹಿಡಿದರೆ ವಾಸಿಯಾಗುವ ಅವಕಾಶ ದೊಡ್ಡದು. "ಮೂರು ತಿಂಗಳು ಎಲಿ ಕುಡಿದು ನೋಡೂಣು, ಆಗದಿದ್ರ ದವಾಖಾನಿಗಿ ಹೋಗೂಣು" ಎಂಬ ಲೆಕ್ಕದಲ್ಲಿ ಆ ಅವಕಾಶ ಕೈಬಿಡುತ್ತದೆ. ಮೂರು ತಿಂಗಳಲ್ಲಿ ಗಂಟು ಕಂಕುಳಿಗೆ ಇಳಿದಿರಬಹುದು.

ಗುಟ್ಕಾ, ತಂಬಾಕು ಹಾಕುವವರ ಬಾಯಲ್ಲಿ ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ಅಗಲ ತೆರೆಯಲಾಗದ ಬಿಗಿತ. ನೋವೇ ಇಲ್ಲದ ಮೊಲೆಗಂಟು. ಮುಟ್ಟು ನಿಂತ ಮೇಲೆ ಕಾಣುವ ರಕ್ತ. ಇವುಗಳಲ್ಲಿ ಯಾವುದು ಕಂಡರೂ ಮೊದಲು ಊರ ಸರ್ಕಾರಿ ದವಾಖಾನೆಗೆ ಹೋಗಿ. ಮೂವತ್ತು ದಾಟಿದವರಿಗೆ ಈ ಮೂರೂ ಕ್ಯಾನ್ಸರ್‌ಗಳ ತಪಾಸಣೆ, ಜೊತೆಗೆ ಬಿ.ಪಿ., ಸಕ್ಕರೆಯ ತಪಾಸಣೆ ಸರ್ಕಾರಿ ಕಾರ್ಯಕ್ರಮದಲ್ಲೇ ಇದೆ. ಆಶಾ ಅಕ್ಕನನ್ನು ಕೇಳಿದರೆ ಯಾವ ದಿನ ಬರಬೇಕೆಂದು ಹೇಳುತ್ತಾಳೆ. ಹೆಣ್ಣುಮಕ್ಕಳು ನಾಚಿಕೆಯಿಂದ ತಡಮಾಡುವುದು ಹೆಚ್ಚು. ಅತ್ತೆಯಾದವರು, ಗಂಡನಾದವರು ತಾವೇ ಕರೆದುಕೊಂಡು ಹೋದರೆ ಆ ನಾಚಿಕೆ ಅರ್ಧ ಕಳೆಯುತ್ತದೆ.

ಮುಂದಿನ ಚಿಕಿತ್ಸೆಗೆ ನಮ್ಮ ಕಡೆಯವರು ಮುದ್ದೇಬಿಹಾಳ ದಾಟಿ ವಿಜಯಪುರದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೆ, ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ, ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ ಅಥವಾ ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಾರೆ. ಗಡಿಯಾಚೆ ಮಿರಜ್, ಬಾರ್ಶಿಗೆ ಹೋಗುವವರೂ ಇದ್ದಾರೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಯೋಜನೆಯ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ಮೀರದಂತೆ ಸಿಗುತ್ತದೆ. ರೇಷನ್ ಕಾರ್ಡ್, ಆಧಾರ್ ಕಾರ್ಡ್ ಜೊತೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನು ಮೊದಲೇ ಮಾಡಿಸಿಕೊಂಡು ಬಸ್ ಹತ್ತಿ. ಚೀಟಿ ಇಲ್ಲದೆ ದೂರದ ಊರಿಗೆ ಹೋಗಿ ತಿರುಗಿ ಬಂದು ಮತ್ತೆ ಹೋಗುವುದರಲ್ಲೇ ಬಡವರ ವಾರಗಳು ಕಳೆಯುತ್ತವೆ. ಸಂಶಯವಿದ್ದರೆ 104ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಉತ್ತರಿಸುತ್ತಾರೆ. ತಂಬಾಕು ಬಿಡಬೇಕೆನ್ನುವವರಿಗೆ 1800-11-2356 ಎಂಬ ಪುಕ್ಕಟೆ ಸಹಾಯವಾಣಿ ಇದೆ.

ಚಿಕಿತ್ಸೆಯ ಕಾಲದಲ್ಲಿ ಮೈಯಲ್ಲಿ ಕಸುವು ಉಳಿಸುವುದು ಊಟ. ಬಿಸಿ ರೊಟ್ಟಿ ಅಗಿಯಲಾಗದಿದ್ದರೆ ಹಾಲಿನಲ್ಲಿ ನೆನೆಸಿ ಕೊಡಿ. ಜೋಳದ ನುಚ್ಚು, ತೊಗರಿಬೇಳೆಯ ತಿಳಿ, ಚೆನ್ನಾಗಿ ಬೇಯಿಸಿದ ಹೆಸರುಕಾಳು, ಮೊಟ್ಟೆ, ಮೆತ್ತಗೆ ಅರೆದ ಶೇಂಗಾ ಹಿಂಡಿ ಕೊಡಿ. ಹಸಿ ಮೊಳಕೆ, ತೊಳೆಯದ ಸೊಪ್ಪು ಆಗ ಬೇಡ. ಬಂದವರು ಕಷಾಯದ ಬದಲು ಒಂದು ಡಬ್ಬಿ ನುಚ್ಚು ಮಾಡಿ ತಂದರೆ ಆ ಮನೆಯ ಹೆಣ್ಣುಮಗಳಿಗೆ ಒಂದು ಹೊತ್ತು ಬಿಡುವಾದರೂ ಸಿಗುತ್ತದೆ.

ಹಣ್ಣಾದರೆ ಹಣ್ಣು

ಇಷ್ಟೆಲ್ಲ ಓದಿ ಗಿಡವನ್ನು ಕಡಿದು ಹಾಕಬೇಡಿ. ಹಣ್ಣು ರುಚಿಯಾದದ್ದು, ಹುಳಿ, ಸಿಹಿ ಎರಡೂ ಕೂಡಿದ ಬಿಳಿ ತಿರುಳು. ನೂರು ಗ್ರಾಂ ತಿರುಳಿನಲ್ಲಿ ಸುಮಾರು 20 ಮಿಲಿಗ್ರಾಂ ಸಿ ಜೀವಸತ್ವ, ಮೂರು ಗ್ರಾಂ ಚಿಲ್ಲರೆ ನಾರು ಇದೆ. ಸಕ್ಕರೆಯೂ 13 ಗ್ರಾಂ ಮೇಲಿದೆ, ಪೊಟ್ಯಾಸಿಯಂ ಇನ್ನೂರೆಪ್ಪತ್ತು ಮಿಲಿಗ್ರಾಂ ದಾಟುತ್ತದೆ. ಹಾಗಾಗಿ ಸಕ್ಕರೆ ಕಾಯಿಲೆಯವರು ಒಂದೆರಡು ತೊಳೆಗೆ ನಿಲ್ಲಿಸಬೇಕು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಡಾಕ್ಟರನ್ನು ಕೇಳದೆ ತಿನ್ನಬಾರದು. ಮಿಕ್ಕವರು ಹಂಗಾಮಿನಲ್ಲಿ ಒಮ್ಮೆ ಮನೆಮಂದಿಯೆಲ್ಲ ಹಂಚಿ ತಿಂದರೆ ಹೆದರುವಂಥದ್ದಿಲ್ಲ. ದಿನಾ ಹಣ್ಣು, ದಿನಾ ಜ್ಯೂಸ್ ಬೇಡ.

ಇದು ಕರಾವಳಿ, ಮಲೆನಾಡಿನ ತೇವದ ಹವೆಗೆ ಒಗ್ಗಿದ ಗಿಡ. ನಮ್ಮ ಬೇಸಿಗೆಯ ಬಿಸಿಗಾಳಿಗೆ ಎಳೆ ಸಸಿ ಸುಟ್ಟುಹೋಗುತ್ತದೆ. ಗೋಡೆಯ ಅಥವಾ ಬೇವಿನ ಮರೆಯಲ್ಲಿ, ಮಧ್ಯಾಹ್ನದ ನೆರಳು ಬೀಳುವಲ್ಲಿ ಹಚ್ಚಿ. ಎರೆಮಣ್ಣಿನಲ್ಲಿ ಮಳೆಗಾಲದ ನೀರು ನಿಂತರೆ ಬೇರು ಕೊಳೆಯುತ್ತದೆ, ಆದ್ದರಿಂದ ಗುಂಡಿಗೆ ಮರಳು, ತಿಪ್ಪೆಗೊಬ್ಬರ ಬೆರೆಸಿ ಏರು ಮಾಡಿ ನೆಡಿ. ಹನಿ ನೀರಾವರಿ ಇದ್ದರೆ ಬಹಳ ಒಳ್ಳೆಯದು. ಬೀಜದ ಸಸಿ ಕಾಯಿ ಬಿಡಲು ಮೂರರಿಂದ ಐದು ವರ್ಷ ಬೇಕು. ನಮ್ಮ ಒಣಹವೆಗೆ ಸೀತಾಫಲವೇ ಹೆಚ್ಚು ಒಗ್ಗುತ್ತದೆ, ಜಾಗ ಒಂದೇ ಇದ್ದರೆ ಅದನ್ನೇ ಹಚ್ಚಿ ಎಂದು ನನ್ನ ಸಲಹೆ.

ಕಾಯಿಯ ಮುಳ್ಳುಗಳು ಒಂದಕ್ಕೊಂದು ದೂರ ಸರಿದು ಕಡುಹಸಿರು ಬಣ್ಣ ಹಳದಿಗೆ ವಾಲಿದಾಗ ತೊಟ್ಟು ಸಹಿತ ಕೊಯ್ಯಿರಿ. ಎರಡು ಮೂರು ದಿನದಲ್ಲಿ ಹೆಬ್ಬೆರಳು ಒತ್ತಿದರೆ ತಗ್ಗು ಬೀಳುವಷ್ಟು ಮೆತ್ತಗಾಗುತ್ತದೆ. ತಿರುಳನ್ನು ಕೈಯಿಂದಲೇ ಬಿಡಿಸಿ, ಒಂದೊಂದೇ ಬೀಜ ತೆಗೆದಿಟ್ಟು ತಿನ್ನಿ. ಬೀಜ ಸಹಿತ ಮಿಕ್ಸಿಗೆ ಹಾಕಬೇಡಿ. ಆ ಕರಿ ಬೀಜಗಳನ್ನು ಮಕ್ಕಳ ಕೈಗೆ, ಕೋಳಿಯ ಬಾಯಿಗೆ ಸಿಗದಂತೆ ಹಿತ್ತಲಲ್ಲಿ ಆಳವಾಗಿ ಹೂತುಬಿಡಿ, ಆಮೇಲೆ ಕೈ ತೊಳೆಯುವವರೆಗೆ ಕಣ್ಣು ಮುಟ್ಟಿಕೊಳ್ಳಬೇಡಿ.